ಏಡಿಯಲ್ಲಿ ಹುಳ ಇರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಏಡಿ ಬಿಡಿಸುತ್ತಿದ್ದಾಗ ಏನೋ ಕಂಡು ಗಾಬರಿಯಾಗಿ ಕೈ ತೊಳೆದುಕೊಂಡು ಬಂದವರು ಕೇಳಿದ ಪ್ರಶ್ನೆಗಳೇ ಇಲ್ಲಿ ಜಾಸ್ತಿ. ಕೆಲವನ್ನು ಮಾತಿನ ನಡುವೆ ಕೇಳಿದ್ದರು, ಕೆಲವು ಪತ್ರದಲ್ಲಿ ಬಂದವು. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಏಡಿಯಲ್ಲಿ ನೋಡಿದರೆ ಹೇಸಿಗೆ ಬರುವಂಥವು ಬಹುಪಾಲು ನಿಮಗೆ ಏನೂ ಮಾಡುವುದಿಲ್ಲ. ತೊಂದರೆ ಕೊಡುವ ಹುಳ ಅಡುಗೆಮನೆಯಲ್ಲಿ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

## ಮೊದಲ ಪ್ರಶ್ನೆಗಳು

ಏಡಿಯೊಳಗೆ ಹುಳ ಇರುತ್ತೆ ಅಂತಾರೆ. ನಿಜಾನಾ, ಸುಮ್ನೆ ಹೆದರಿಸೋದಾ?

ನಿಜ. ನೀರಿನಲ್ಲಿ ಬದುಕುವ ಯಾವ ಪ್ರಾಣಿಯ ಮೈಯಲ್ಲೂ ಒಂದಲ್ಲ ಒಂದು ಪರೋಪಜೀವಿ ಸಿಗುತ್ತದೆ. ಏಡಿಯ ಕಿವಿರು, ಮಾಂಸ, ಮೊಟ್ಟೆ, ರಕ್ತ, ಚಿಪ್ಪಿನ ಮೇಲ್ಭಾಗ ಹೀಗೆ ಒಂದೊಂದು ಜಾಗಕ್ಕೂ ಅದರದೇ ಬಾಡಿಗೆದಾರರು ಇದ್ದಾರೆ. ಆದರೆ ಇವರಲ್ಲಿ ಹೆಚ್ಚಿನವರಿಗೆ ಏಡಿಯ ಮೈ ಮಾತ್ರ ಒಗ್ಗುತ್ತದೆ. ಮನುಷ್ಯರ ಬಿಸಿ ಮೈಯಲ್ಲಿ ಅವು ಉಳಿಯುವುದಿಲ್ಲ. ಹಾಗಾಗಿ ಹುಳ ಇದೆಯಾ ಅನ್ನುವುದಕ್ಕಿಂತ ಯಾವ ಹುಳ, ಯಾವ ನೀರಿನ ಏಡಿ, ಬೆಂದಿದೆಯಾ ಅಂತ ಕೇಳುವುದು ಮೇಲು.

ಚಿಪ್ಪು ತೆಗೆದಾಗ ಬಿಳಿ ದಾರದ ಸುರುಳಿ ಕಂಡಿತು. ಅದು ಹುಳ ತಾನೇ?

ಬಹುತೇಕ ಅಲ್ಲ. ಗಂಡು ಏಡಿಯ ವೀರ್ಯನಾಳ ನೋಡಲು ಥೇಟ್ ಹಾಗೇ ಇರುತ್ತದೆ. ಬಿಳಿ ಬಣ್ಣ, ನುಣುಪು, ಒತ್ತೊತ್ತಾಗಿ ಸುತ್ತಿಕೊಂಡ ದಾರ. ಚಿಪ್ಪಿನ ಕೆಳಗೆ ಎಡಕ್ಕೂ ಬಲಕ್ಕೂ ಒಂದೇ ಥರ ಕಂಡರೆ ಅದು ಏಡಿಯ ಸ್ವಂತ ಅಂಗ ಅಂತ ತಿಳಿಯಿರಿ. ಹುಳಗಳು ಹೀಗೆ ಅಳತೆ ಮಾಡಿ ಎರಡೂ ಬದಿಗೆ ಕೂರುವುದಿಲ್ಲ. ನಾನೂ ಮೊದಲ ಸಲ ಇದನ್ನು ನೋಡಿ ಒಂದು ಒಳ್ಳೆಯ ಏಡಿಯನ್ನೇ ಎಸೆದಿದ್ದೆ.

ಕೊಂಡಿಯೊಳಗೆ ಸಿಗುವ ಚಪ್ಪಟೆಯಾದ, ಪಾರದರ್ಶಕ ಎಲೆಯಂಥದ್ದೂ ಹುಳವಲ್ಲ. ಸ್ನಾಯು ಹಿಡಿದುಕೊಳ್ಳಲು ಇರುವ ಗಟ್ಟಿ ಪಟ್ಟಿ ಅದು. ಹಳದಿ ಅಥವಾ ಹಸಿರು ಮಿಶ್ರಿತ ಮೆತ್ತನೆಯ ಮುದ್ದೆ ಏಡಿಯ ಜೀರ್ಣಗ್ರಂಥಿ.

ಬೆಂದ ಮೇಲೆ ಒಡೆದ ಹಾಲಿನಂಥ ಬಿಳಿ ಗಡ್ಡೆ ಬಂತು. ತಿನ್ನಬಹುದಾ?

ತಿನ್ನಬಹುದು. ಅದು ಏಡಿಯ ರಕ್ತ. ಏಡಿಯ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ ಇರುತ್ತದೆ, ಹಾಗಾಗಿ ಹಸಿಯಲ್ಲಿ ಬಣ್ಣವಿಲ್ಲದೆ ಅಥವಾ ತುಸು ನೀಲಿಯಾಗಿ ಕಾಣುತ್ತದೆ. ಬಿಸಿಗೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ.

ಸಮುದ್ರದ ಏಡಿ, ಹೊಳೆ ಏಡಿ ಎರಡೂ ಒಂದೇ ಅಲ್ವಾ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರಸೊತ್ತು ಇದ್ದರೆ ಇದನ್ನು ಓದಿ. ಏಡಿಯಿಂದ ಮನುಷ್ಯರಿಗೆ ದಾಟುವ ಹುಳಗಳಲ್ಲಿ ಮುಖ್ಯವಾದದ್ದು ಶ್ವಾಸಕೋಶದ ಚಪ್ಪಟೆ ಹುಳ, ಅಂದರೆ ಪ್ಯಾರಗೋನಿಮಸ್. ಅದು ಬೆಳೆಯಲು ಮೊದಲು ಒಂದು ಬಸವನಹುಳು ಬೇಕು, ಆಮೇಲೆ ಒಂದು ಏಡಿಯೋ ಸಿಹಿನೀರಿನ ಕ್ರೇಫಿಶ್ಶೋ (ಸಿಗಡಿಯಂಥ ಪ್ರಾಣಿ) ಬೇಕು. ಹೊಳೆ, ತೊರೆ, ಬೆಟ್ಟದ ಝರಿಗಳಲ್ಲಿ ಈ ಜೋಡಿ ಸಿಗುತ್ತದೆ. ತೆರೆದ ಸಮುದ್ರದಲ್ಲಿ ಸಿಗುವುದಿಲ್ಲ.

ಅಳಿವೆಯಲ್ಲಿ ಹಿಡಿದದ್ದು ಅಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಪೂರ್ವ ಏಷ್ಯಾದ ಮಿಟನ್ ಏಡಿಗಳು ಬೆಳೆಯುವುದು ನದಿಯಲ್ಲಿ, ಮರಿ ಮಾಡಲು ಇಳಿಯುವುದು ಉಪ್ಪುನೀರಿಗೆ. ಬಲೆಗೆ ಬಿದ್ದ ಜಾಗಕ್ಕಿಂತ ಅದು ಎಲ್ಲಿ ಬೆಳೆದು ಬಂತು ಅನ್ನುವುದು ಮುಖ್ಯ.

ಕೆಂಪಗಾದರೆ ಬೆಂದಿದೆ ಅಂತ ತಾನೇ ಅರ್ಥ?

ಇಲ್ಲ. ಏಡಿಯ ಚಿಪ್ಪಿನಲ್ಲಿ ಕೆಂಪು ಬಣ್ಣ ಮೊದಲಿನಿಂದಲೇ ಇರುತ್ತದೆ, ಒಂದು ಪ್ರೋಟೀನು ಅದನ್ನು ಹಿಡಿದಿಟ್ಟಿರುತ್ತದೆ. ಬಿಸಿ ತಾಗಿದ ಕೂಡಲೇ ಪ್ರೋಟೀನು ಬಿಟ್ಟುಕೊಡುತ್ತದೆ, ಬಣ್ಣ ಹೊರಗೆ ಬರುತ್ತದೆ. ಹೊರಗಿನ ಚಿಪ್ಪು ಕೆಂಪಾದಾಗ ಒಳಗಿನ ಮಾಂಸ ಇನ್ನೂ ಹಸಿಯಾಗಿರಬಹುದು.

ಮಾಂಸದ ದಪ್ಪ ಭಾಗದ ಒಳಗೆ 63 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮಾಂಸವನ್ನೇ ನೋಡಿ. ಪಾರದರ್ಶಕವಾಗಿದ್ದದ್ದು ಪೂರ್ತಿ ಬೆಳ್ಳಗಾಗಿರಬೇಕು, ಚಿಪ್ಪಿನಿಂದ ಸಲೀಸಾಗಿ ಬಿಡಬೇಕು. ದೊಡ್ಡ ಏಡಿಯನ್ನು ಇಡಿಯಾಗಿ ಬೇಯಿಸುವ ಬದಲು ಎರಡು ಹೋಳು ಮಾಡಿ ಹಾಕಿದರೆ ಬಿಸಿ ನಡುವಿನವರೆಗೂ ಹೋಗುತ್ತದೆ.

## ಕಂಡದ್ದು ಏನು?

ಹೊಟ್ಟೆಯ ಮಡಿಕೆ ಕೆಳಗೆ ಹಳದಿ ಚೀಲ ಅಂಟಿಕೊಂಡಿತ್ತು. ಮೊಟ್ಟೆಯಾ, ಗಡ್ಡೆಯಾ?

ಮುಟ್ಟಿ ನೋಡಿ. ಮೊಟ್ಟೆಯಾದರೆ ಸಾವಿರಾರು ಸಣ್ಣ ಮಣಿ ಒತ್ತಿಟ್ಟ ಹಾಗೆ ತರಿತರಿ ಇರುತ್ತದೆ. ಮಣಿಗಳು ಮಡಿಕೆಯ ಕೆಳಗಿನ ಸಣ್ಣ ಕಾಲುಗಳಿಗೆ ಅಂಟಿಕೊಂಡಿರುತ್ತವೆ. ನುಣುಪಾದ ಒಂದೇ ಚೀಲ ಮೈಯ ನಡುಗೆರೆಯಲ್ಲಿ ಒಂದೇ ತೊಟ್ಟಿನಿಂದ ನೇತಾಡುತ್ತಿದ್ದರೆ ಅದು ಸಾಕ್ಯುಲಿನಾ ಅಥವಾ ಅದರ ಬಳಗದ್ದು.

ಇದರ ಕತೆ ವಿಚಿತ್ರ. ಸಾಕ್ಯುಲಿನಾ ಬಂಡೆಗಳಿಗೆ, ದೋಣಿಯ ಅಡಿಗೆ ಅಂಟುವ ಬಾರ್ನಕಲ್‌ಗಳ ಕುಲದ್ದು. ನೋಡಿದರೆ ಯಾರೂ ನಂಬುವುದಿಲ್ಲ. ಸಾಕ್ಯುಲಿನಾದ ಮರಿ ಬಂದು ಏಡಿಯ ಮೇಲೆ ಕೂತು, ತನ್ನ ಮೈಯ ಒಂದಿಷ್ಟು ಜೀವಕೋಶಗಳನ್ನು ಮಾತ್ರ ಒಳಗೆ ಚುಚ್ಚಿ ಬಿಡುತ್ತದೆ. ಅವು ಮರದ ಬೇರಿನಂತೆ ಏಡಿಯ ಮೈಯೆಲ್ಲ ಹಬ್ಬುತ್ತವೆ. ಎಷ್ಟೋ ದಿನಗಳ ನಂತರ ಹೊಟ್ಟೆಯ ಕೆಳಗೆ ಚೀಲ ಹೊರಗೆ ಬರುತ್ತದೆ. ಅಷ್ಟು ಹೊತ್ತಿಗೆ ಏಡಿಗೆ ಸಂತಾನ ಶಕ್ತಿ ಹೋಗಿರುತ್ತದೆ. ಗಂಡು ಏಡಿಯಾದರೆ ಅದರ ಹೊಟ್ಟೆಯ ಮಡಿಕೆ ಹೆಣ್ಣಿನದರಂತೆ ಅಗಲವಾಗುತ್ತದೆ. ಆ ಗಂಡು ಈ ಚೀಲವನ್ನೇ ತನ್ನ ಮೊಟ್ಟೆ ಅಂದುಕೊಂಡು ಜೋಪಾನ ಮಾಡುತ್ತದೆ, ನೀರು ಬೀಸಿ ಶುಚಿ ಮಾಡುತ್ತದೆ. ಪಾಪ ಅನ್ನಿಸುತ್ತೆ.

ತಿನ್ನುವವರಿಗೆ ಇದರಿಂದ ಕಾಯಿಲೆ ಬರುವುದಿಲ್ಲ. ಆದರೆ ಏಡಿ ತಿಂದದ್ದೆಲ್ಲ ಬಾಡಿಗೆದಾರನ ಹೊಟ್ಟೆಗೆ ಹೋಗಿರುವುದರಿಂದ ಮಾಂಸ ಕಡಿಮೆ. ಚೀಲ ತೆಗೆದು ಬೇಯಿಸಿದರೆ ಸಾಕು. ಇಂಥ ಏಡಿ ಮೊಟ್ಟೆ ಏಡಿ ಅಂತ ಮಾರಾಟವಾದರೆ ಮಾತ್ರ ಮೋಸ.

ಕಿವಿರಿನ ನಡುವೆ ತೊಟ್ಟು ಇರುವ ಸಣ್ಣ ಕಾಳುಗಳು ಸಿಕ್ಕವು. ಇವೂ ಹುಳ ಏನು?

ಅವೂ ಬಾರ್ನಕಲ್‌ಗಳೇ. ಹೆಸರು ಆಕ್ಟೋಲಾಸ್ಮಿಸ್. ಅವು ಏಡಿಯ ರಕ್ತ ಹೀರುವುದಿಲ್ಲ, ಕಿವಿರಿನೊಳಗೆ ಹರಿಯುವ ನೀರಿನಿಂದ ಆಹಾರ ಸೋಸಿಕೊಳ್ಳುತ್ತವೆ. ಜಾಸ್ತಿಯಾದರೆ ಏಡಿಗೆ ಉಸಿರಾಡಲು ಕಷ್ಟ, ಅಷ್ಟೇ. ಕಿವಿರು ಹೇಗೂ ತಿನ್ನುವ ಭಾಗವಲ್ಲ. ಅದರಲ್ಲಿ ವಿಷ ಇದೆ ಅನ್ನುವ ಮಾತು ಸುಳ್ಳು. ಕೊಳೆ ನಿಲ್ಲುವ ಜಾಗ, ರುಚಿಯೂ ಇಲ್ಲ.

ಅದೇ ಜಾಗದಲ್ಲಿ ಕೆಂಪು ಎಳೆಯಂಥ ಹುಳ ಕಂಡರೆ ಅದು ಕಾರ್ಸಿನೋನೆಮರ್ಟಿಸ್ ಇರಬಹುದು. ಅದು ತಿನ್ನುವುದು ಏಡಿಯ ಮೊಟ್ಟೆಯನ್ನು. ಅಮೆರಿಕದ ನೀಲಿ ಏಡಿಯಲ್ಲಿ ಮೊಟ್ಟೆ ತಿನ್ನದ ಹುಳ ಬಿಳಿಚಿಕೊಂಡಿರುತ್ತದೆ, ತಿಂದದ್ದು ಕೆಂಪಾಗುತ್ತದೆ. ಹಾಗಾಗಿ ಹುಳದ ಬಣ್ಣ ನೋಡಿಯೇ ಈ ಹೆಣ್ಣು ಏಡಿ ಹಿಂದೆ ಮೊಟ್ಟೆ ಇಟ್ಟಿತ್ತೇ ಅಂತ ಸಂಶೋಧಕರು ಹೇಳುತ್ತಾರೆ.

ಮಾಂಸದಲ್ಲಿ ಮೆಣಸಿನ ಪುಡಿ ಎರಚಿದ ಹಾಗೆ ಕಪ್ಪು ಚುಕ್ಕೆ ಇದ್ದವು. ಕೊಳೆತಿದೆಯಾ?

ಕೊಳೆತದ್ದಲ್ಲ. ನೀಲಿ ಏಡಿಯಲ್ಲಿ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಮಾಂಸದೊಳಗೆ ಒಂದು ಸಣ್ಣ ಚಪ್ಪಟೆ ಹುಳದ ಮರಿ ಕೋಶ ಕಟ್ಟಿ ಕೂತಿರುತ್ತದೆ. ಅದು ತೀರಾ ಚಿಕ್ಕದು, ಬರಿಗಣ್ಣಿಗೆ ಕಾಣುವುದಿಲ್ಲ. ಆ ಹುಳದೊಳಕ್ಕೆ ಯೂರೋಸ್ಪೋರಿಡಿಯಂ ಅನ್ನುವ ಇನ್ನೊಂದು ಪರೋಪಜೀವಿ ಹೊಕ್ಕಾಗ ಹುಳ ಊದಿಕೊಂಡು ಕಪ್ಪಾಗುತ್ತದೆ. ಅಂದರೆ ಪರೋಪಜೀವಿಗೇ ಪರೋಪಜೀವಿ! ಬೇಯಿಸಿದ ಮೇಲೆ ಅಪಾಯವಿಲ್ಲ. ನೋಡಲು ಚೆನ್ನಾಗಿಲ್ಲ ಅಂತ ಮಾರುವವರು ಬದಿಗಿಡುತ್ತಾರೆ.

ಸ್ನೋ ಏಡಿಯ ಚಿಪ್ಪಿನ ಮೇಲೆ ಕಪ್ಪು ಗುಂಡುಗಳು. ಉಜ್ಜಿದರೂ ಹೋಗುತ್ತಿಲ್ಲ?

ಸಮುದ್ರದ ಜಿಗಣೆಯ ಮೊಟ್ಟೆ ಗೂಡುಗಳು ಅವು. ಆ ಜಿಗಣೆ ರಕ್ತ ಹೀರುವುದು ಮೀನಿನದ್ದು. ಮೆತ್ತನೆಯ ಕೆಸರಿನ ತಳದಲ್ಲಿ ಮೊಟ್ಟೆ ಅಂಟಿಸಲು ಗಟ್ಟಿ ಜಾಗ ಸಿಗದೆ ಏಡಿಯ ಬೆನ್ನು ಹಿಡಿಯುತ್ತದೆ. ಗುಂಡುಗಳು ತುಂಬಿದ ಚಿಪ್ಪು ಹಳೆಯ ಚಿಪ್ಪು, ಅಂದರೆ ಏಡಿ ಪೊರೆ ಬಿಟ್ಟು ಬಹಳ ದಿನ ಆಗಿದೆ, ಒಳಗೆ ಮಾಂಸ ತುಂಬಿಕೊಂಡಿರುವ ಸಂಭವ ಜಾಸ್ತಿ. ಇದು ಗೊತ್ತಿದ್ದವರು ಅಂಥದ್ದನ್ನೇ ಹುಡುಕಿ ಕೊಳ್ಳುತ್ತಾರೆ.

ಮಾಂಸ ಸುಣ್ಣದಂತೆ ಪುಡಿಪುಡಿ, ಬಾಯಿಗೆ ಕಹಿ. ಇದೂ ಹುಳದ ಕೆಲಸವಾ?

ಹುಳವಲ್ಲ, ಆದರೆ ಪರೋಪಜೀವಿಯೇ. ಹೆಮಟೋಡಿನಿಯಂ ಅನ್ನುವ ಏಕಕೋಶ ಜೀವಿ ಏಡಿಯ ರಕ್ತದಲ್ಲಿ ಲೆಕ್ಕವಿಲ್ಲದಷ್ಟು ಬೆಳೆದು ಅದರ ಶಕ್ತಿಯನ್ನೆಲ್ಲ ಬಸಿಯುತ್ತದೆ. ಇದನ್ನು ಮೊದಲು ಗುರುತಿಸಿದ್ದು 1931ರಲ್ಲಿ, ಫ್ರಾನ್ಸಿನ ಕರಾವಳಿಯ ಏಡಿಗಳಲ್ಲಿ. ಅಲಾಸ್ಕದ ಟ್ಯಾನರ್ ಮತ್ತು ಸ್ನೋ ಏಡಿಗಳಲ್ಲಿ ಇದಕ್ಕೆ ಕಹಿ ಏಡಿ ರೋಗ ಅಂತಲೇ ಹೆಸರು. ರುಚಿ ಆಸ್ಪಿರಿನ್ ಮಾತ್ರೆ ಅಗಿದ ಹಾಗೆ. ಚೀನಾದಲ್ಲಿ ಸಾಕಣೆ ಏಡಿಗಳನ್ನೂ ಇದು ಕಾಡಿದೆ, ಅಲ್ಲಿ ರಕ್ತ ಹಾಲಿನಂತೆ ಬೆಳ್ಳಗಾಗುತ್ತದೆ. ಮನುಷ್ಯರಿಗೆ ತಗಲುವುದಿಲ್ಲ. ಆದರೆ ಕಹಿ ಏಡಿಯನ್ನು ಯಾಕಾದರೂ ತಿನ್ನಬೇಕು?

## ಮನುಷ್ಯರಿಗೆ ದಾಟುವಂಥದ್ದು

ಹೊಟ್ಟೆಗೆ ತಿಂದದ್ದು ಶ್ವಾಸಕೋಶಕ್ಕೆ ಹೇಗೆ ಹೋಗುತ್ತೆ? ಕತೆ ಕಟ್ಟುತ್ತಿಲ್ಲ ತಾನೇ?

ಕತೆಯಲ್ಲ. ಏಡಿಯ ಮಾಂಸದಲ್ಲಿ, ಕಿವಿರಿನಲ್ಲಿ ಪ್ಯಾರಗೋನಿಮಸ್ ಹುಳದ ಮರಿ ಸಣ್ಣ ಗುಂಡು ಕೋಶದೊಳಗೆ ಮುದುಡಿಕೊಂಡಿರುತ್ತದೆ. ಕೋಶದ ಅಡ್ಡಳತೆ ಅರ್ಧ ಮಿಲಿಮೀಟರಿಗೂ ಕಡಿಮೆ. ಹಸಿಯಾಗಿ ಅಥವಾ ಅರೆಬೆಂದು ನಮ್ಮ ಹೊಟ್ಟೆಗೆ ಬಂದಾಗ ಸಣ್ಣ ಕರುಳಿನಲ್ಲಿ ಕೋಶ ಕರಗುತ್ತದೆ. ಮರಿ ಕರುಳಿನ ಗೋಡೆ ಕೊರೆದು ಹೊಟ್ಟೆಯ ಪೊಳ್ಳಿಗೆ ಬರುತ್ತದೆ. ಅಲ್ಲಿಂದ ವಪೆಯನ್ನು, ಅಂದರೆ ಎದೆ ಹೊಟ್ಟೆಗಳ ನಡುವಿನ ಸ್ನಾಯು ಪರದೆಯನ್ನು ತೂರಿ ಶ್ವಾಸಕೋಶ ಸೇರುತ್ತದೆ. ಅಲ್ಲಿ ಕಾಫಿ ಬೀಜದಷ್ಟು ಬೆಳೆದು ಮೊಟ್ಟೆ ಇಡುತ್ತದೆ. ತಿಂದ ದಿನದಿಂದ ಮೊಟ್ಟೆಯ ಹಂತಕ್ಕೆ ಸುಮಾರು 65ರಿಂದ 90 ದಿನ ಬೇಕು.

ಮೊಟ್ಟೆಗಳು ಕಫದಲ್ಲಿ ಹೊರಗೆ ಬರುತ್ತವೆ, ಕಫ ನುಂಗಿದರೆ ಮಲದಲ್ಲಿ. ನೀರು ಸೇರಿದ ಮೊಟ್ಟೆ ಒಡೆದು ಮರಿ ಬಸವನಹುಳುವಿನೊಳಕ್ಕೆ ಹೋಗುತ್ತದೆ. ಅಲ್ಲಿಂದ ಮತ್ತೆ ಏಡಿಗೆ.

ಈ ಹುಳವನ್ನು ಮೊದಲು ವಿವರಿಸಿದ್ದು 1878ರಲ್ಲಿ, ಮೃಗಾಲಯದಲ್ಲಿ ಸತ್ತ ಹುಲಿಯ ಶ್ವಾಸಕೋಶದಿಂದ. ಆಮ್‌ಸ್ಟರ್‌ಡಾಮ್ ಮೃಗಾಲಯದ ನಿರ್ದೇಶಕ ವೆಸ್ಟರ್‌ಮನ್ ಅವರ ಹೆಸರಿನಿಂದ ಅದು ಪ್ಯಾರಗೋನಿಮಸ್ ವೆಸ್ಟರ್‌ಮನಿ ಆಯಿತು. ಮರುವರ್ಷ ತೈವಾನಿನಲ್ಲಿ ಮನುಷ್ಯನ ಶ್ವಾಸಕೋಶದಲ್ಲೂ ಸಿಕ್ಕಿತು.

ಇದು ಯಾವ ದೇಶಗಳಲ್ಲಿ ಇದೆ?

ಪೂರ್ವ ಮತ್ತು ಆಗ್ನೇಯ ಏಷ್ಯಾದಲ್ಲಿ ಹೆಚ್ಚು: ಚೀನಾ, ಕೊರಿಯಾ, ಜಪಾನ್, ಫಿಲಿಪ್ಪೀನ್ಸ್, ಲಾವೋಸ್. ಭಾರತದಲ್ಲಿ ಮಣಿಪುರ, ನಾಗಾಲ್ಯಾಂಡ್, ಅರುಣಾಚಲ ಪ್ರದೇಶದಿಂದ ವರದಿಗಳಿವೆ. ಪಶ್ಚಿಮ ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದಲ್ಲಿ ಇದೇ ಕುಲದ ಬೇರೆ ಜಾತಿಗಳಿವೆ. ಉತ್ತರ ಅಮೆರಿಕದ ಜಾತಿ ಕ್ರೇಫಿಶ್‌ನಲ್ಲಿ ಕೂತಿದೆ. ನೈಜೀರಿಯಾದ ಪೂರ್ವ ಭಾಗದಲ್ಲಿ 1967ರಿಂದ 1970ರವರೆಗಿನ ಅಂತರ್ಯುದ್ಧದ ಹೊತ್ತಿಗೆ ಕಾಯಿಲೆ ಏರಿತು. ಬೇರೆ ಮಾಂಸ ಸಿಗದ ಜನ ಹೊಳೆ ಏಡಿಗಳನ್ನು ಹಿಡಿದು ತಿಂದದ್ದೇ ಕಾರಣ.

ಹೊಳೆ ಏಡಿಯನ್ನು ಹಸಿಯಾಗಿ ತಿಂದುಬಿಟ್ಟೆ. ಈಗ ಏನು ಮಾಡಲಿ?

ಗಾಬರಿ ಬೇಡ, ಮರೆಯಲೂ ಬೇಡ. ಮೊದಲ ವಾರಗಳಲ್ಲಿ ಹೊಟ್ಟೆನೋವು, ಭೇದಿ, ಜ್ವರ, ಮೈಯಲ್ಲಿ ತುರಿಕೆಯ ದದ್ದು ಬರಬಹುದು. ಏನೂ ಬರದೆಯೂ ಇರಬಹುದು. ತಿಂಗಳುಗಳ ನಂತರ ಬಿಡದ ಕೆಮ್ಮು, ಎದೆನೋವು, ತುಕ್ಕಿನ ಬಣ್ಣದ ಅಥವಾ ರಕ್ತ ಬೆರೆತ ಕಫ. ಎಡವಟ್ಟಾಗುವುದು ಇಲ್ಲೇ. ಕೆಮ್ಮು, ಕಫದಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಕಲೆ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕ್ಷಯ. ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಯೂ ವಾಸಿಯಾಗದೆ ಕೊನೆಗೆ ಹುಳ ಅಂತ ಗೊತ್ತಾದವರು ಬಹಳ ಮಂದಿ. ಕ್ಷಯಕ್ಕೆಂದು ಕಫಕ್ಕೆ ಬಣ್ಣ ಹಾಕುವ ವಿಧಾನದಲ್ಲಿ ಹುಳದ ಮೊಟ್ಟೆಗಳು ಹಾಳಾಗಿ ಹೋಗಬಹುದು, ಹಾಗಾಗಿ ಅದೇ ಗಾಜಿನ ಪಟ್ಟಿಯಲ್ಲಿ ಅವು ಕಣ್ಣಿಗೆ ಬೀಳದೆಯೂ ಇರಬಹುದು.

ಆದ್ದರಿಂದ ಕೇಳದಿದ್ದರೂ ವೈದ್ಯರಿಗೆ ಹೇಳಿ: "ಇಂಥ ದಿನ ಹಸಿ ಏಡಿ ತಿಂದಿದ್ದೆ." ಈ ಒಂದು ವಾಕ್ಯದಿಂದ ಎಷ್ಟೋ ಸುತ್ತಾಟ ತಪ್ಪುತ್ತದೆ. ಕಫ, ಮಲ, ರಕ್ತ ಪರೀಕ್ಷೆಗಳಿವೆ. ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿಕಣ ಏರಿದ್ದರೆ ಅದೂ ಒಂದು ಸುಳಿವು. ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ಎರಡು ಮೂರು ದಿನ ಕೊಡುತ್ತಾರೆ, ಟ್ರೈಕ್ಲಾಬೆಂಡಜೋಲ್ ಕೂಡ ಬಳಕೆಯಲ್ಲಿದೆ. ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ಸುಮ್ನೆ ಬಿಟ್ಟರೆ ಹುಳ 20 ವರ್ಷದವರೆಗೂ ಬದುಕಬಲ್ಲದು. ಅಪರೂಪಕ್ಕೆ ದಾರಿ ತಪ್ಪಿ ಮಿದುಳಿಗೆ ಹೋದರೆ ಫಿಟ್ಸ್ ಬರುತ್ತದೆ. ತಲೆನೋವು, ಫಿಟ್ಸ್, ಕಣ್ಣು ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಹರಡುತ್ತಾ?

ಇಲ್ಲ. ಕಫದಲ್ಲಿ ಬರುವ ಮೊಟ್ಟೆ ನೇರವಾಗಿ ಇನ್ನೊಬ್ಬರಿಗೆ ತಗಲುವುದಿಲ್ಲ. ನಡುವೆ ಬಸವನಹುಳು, ಏಡಿ ಎರಡೂ ಬೇಕು. ಆದರೆ ಒಂದೇ ಊಟ ಮಾಡಿದವರು ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ನಾವು ಹಸಿ ತಿನ್ನುವವರೇ ಅಲ್ಲ. ಆದರೂ ಬರಬಹುದಾ?

ಬರಬಹುದು, ಮಣೆ ಮತ್ತು ಚಾಕುವಿನ ದಾರಿಯಲ್ಲಿ. ಹಸಿ ಏಡಿ ಜಜ್ಜುವಾಗ, ಕತ್ತರಿಸುವಾಗ ರಸ ಸಿಡಿಯುತ್ತದೆ. ಕೋಶಗಳು ಆ ರಸದಲ್ಲಿ ತೇಲಿ ಬಂದು ಮಣೆಗೆ, ಬೆರಳಿಗೆ ಅಂಟುತ್ತವೆ. ಅದೇ ಮಣೆಯ ಮೇಲೆ ಸೌತೆಕಾಯಿ ಹೆಚ್ಚಿದರೆ ಮುಗಿಯಿತು. ಏಡಿ ಚೆನ್ನಾಗಿ ಬೆಂದಿತು, ಸೌತೆಕಾಯಿ ಬೇಯಲಿಲ್ಲ. ಏಡಿ ಕೆಲಸ ಮುಗಿದ ಕೂಡಲೇ ಮಣೆ, ಚಾಕು, ಸಿಂಕ್, ಕೈ ಎಲ್ಲವನ್ನೂ ಸೋಪು ಬಿಸಿನೀರಿನಲ್ಲಿ ತೊಳೆಯಿರಿ. ಹಸಿಯಾಗಿ ತಿನ್ನುವ ತರಕಾರಿಯನ್ನು ಮೊದಲೇ ಹೆಚ್ಚಿಟ್ಟುಕೊಳ್ಳಿ.

ಇನ್ನೊಂದು ದಾರಿ ಕಾಡುಹಂದಿ. ಏಡಿ ತಿಂದ ಹಂದಿಯ ಮಾಂಸದಲ್ಲಿ ಮರಿಗಳು ಹಾಗೇ ಉಳಿದಿರುತ್ತವೆ. ಅದನ್ನು ಹಸಿಯಾಗಿ ತಿಂದವರಿಗೂ ಜಪಾನಿನಲ್ಲಿ ಈ ಹುಳ ಬಂದಿದೆ.

ನಿಂಬೆರಸ, ವಿನೆಗರ್, ಉಪ್ಪು, ಮದ್ಯದಲ್ಲಿ ನೆನೆಸಿದರೆ ಹುಳ ಸಾಯಲ್ವಾ?

ಸಾಯುತ್ತದೆ ಅಂತ ನಂಬಬೇಡಿ. ಹುಳಿ ತಾಗಿದಾಗ ಮಾಂಸ ಬೆಳ್ಳಗಾಗಿ ಬೆಂದ ಹಾಗೆ ಕಾಣುತ್ತದೆ, ಕೋಶದೊಳಗಿನ ಮರಿಗೆ ಅದು ತಟ್ಟುವುದಿಲ್ಲ. ನಮ್ಮ ಹೊಟ್ಟೆಯ ಆಮ್ಲವನ್ನೇ ದಾಟಿ ಹೋಗುವ ಕೋಶ ಅದು, ನಿಂಬೆಹಣ್ಣಿಗೆ ಹೆದರುತ್ತಾ? ಮದ್ಯದಲ್ಲಿ, ಸೋಯಾ ರಸದಲ್ಲಿ ನೆನೆಸಿದ ಹಸಿ ಏಡಿಯಿಂದಲೇ ಎಷ್ಟೋ ಜನರಿಗೆ ಕಾಯಿಲೆ ಬಂದಿದೆ.

ಫ್ರೀಜರಿನಲ್ಲಿ ಇಟ್ಟರೆ?

ಮೀನಿನ ಪರೋಪಜೀವಿಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುವ ಲೆಕ್ಕ ಹೀಗೆ: ಮೈನಸ್ 20 ಡಿಗ್ರಿಯಲ್ಲಿ 7 ದಿನ, ಇಲ್ಲವೇ ಮೈನಸ್ 35ರಲ್ಲಿ ಗಟ್ಟಿಯಾಗಿಸಿ ಅದೇ ತಂಪಿನಲ್ಲಿ 15 ಗಂಟೆ. ಮನೆಯ ಫ್ರೀಜರು ಸಾಮಾನ್ಯವಾಗಿ ಮೈನಸ್ 18ರ ಆಸುಪಾಸು, ಬಾಗಿಲು ತೆರೆದಾಗಲೆಲ್ಲ ಇನ್ನೂ ಏರುತ್ತದೆ. ಹೊಳೆ ಏಡಿಯ ವಿಷಯದಲ್ಲಿ ನಾನು ಫ್ರೀಜರನ್ನು ನಂಬುವುದಿಲ್ಲ. ಬೇಯಿಸಿಯೇ ತಿನ್ನುತ್ತೇನೆ.

## ಇನ್ನೂ ಸ್ವಲ್ಪ ಆಳಕ್ಕೆ

ಏಡಿಯಲ್ಲಿ ಮಿದುಳಿಗೆ ಹೋಗುವ ಬೇರೊಂದು ಹುಳವೂ ಇದೆಯಂತೆ?

ಆ್ಯಂಜಿಯೋಸ್ಟ್ರಾಂಗೈಲಸ್, ಇಲಿಯ ಶ್ವಾಸಕೋಶದ ಹುಳ. ಅದರ ಮನೆ ಇಲಿ ಮತ್ತು ಬಸವನಹುಳು. ಸಿಹಿನೀರಿನ ಏಡಿ, ಸಿಗಡಿ, ಕಪ್ಪೆ ಇವೆಲ್ಲ ನಡುವಿನ ಬರೀ ಹೊರೆಯಾಳುಗಳು. ಹಸಿಯಾಗಿ ತಿಂದರೆ ಮಿದುಳಿನ ಪೊರೆಗೆ ಉರಿಯೂತ ಬರುತ್ತದೆ. ಹೆಚ್ಚಿನ ಪ್ರಕರಣಗಳಿಗೆ ಬಸವನಹುಳು, ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು) ಕಾರಣ, ಏಡಿಯದ್ದು ಸಣ್ಣ ಪಾಲು. ಚೆನ್ನಾಗಿ ಬೇಯಿಸಿದರೆ ಇದೂ ಸಾಯುತ್ತದೆ.

ಹೊಳೆ ಏಡಿಯಲ್ಲಿ ಕೋಶ ಇದೆಯಾ ಇಲ್ವಾ ಅಂತ ಲ್ಯಾಬಿನಲ್ಲಿ ಹೇಗೆ ಹುಡುಕುತ್ತಾರೆ?

ನಮ್ಮ ಹೊಟ್ಟೆ ಮಾಡುವುದನ್ನೇ ಗಾಜಿನ ಪಾತ್ರೆಯಲ್ಲಿ ಮಾಡುತ್ತಾರೆ. ಏಡಿಯ ಮಾಂಸ, ಕಿವಿರು ಅರೆದು ಪೆಪ್ಸಿನ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣದಲ್ಲಿ ಬೆಚ್ಚಗೆ ಇಡುತ್ತಾರೆ. ಮಾಂಸ ಕರಗುತ್ತದೆ, ಕೋಶ ಕರಗದೆ ತಳದಲ್ಲಿ ಉಳಿಯುತ್ತದೆ. ಅದನ್ನು ಸೋಸಿ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಮನೆಯಲ್ಲಿ ಕಣ್ಣಿನಿಂದ ನೋಡಿ ಆರಿಸುವ ಯಾವ ಉಪಾಯವೂ ಇಲ್ಲ.

ಏಡಿ ತಿಂದ ಅರ್ಧ ಗಂಟೆಗೆ ತುಟಿ ಊದಿ ಮೈ ತುರಿಸಿತು. ಹುಳವೇ ಇರಬೇಕು?

ಅರ್ಧ ಗಂಟೆಯಲ್ಲಿ ಹುಳ ಏನೂ ಮಾಡಲಾರದು. ಇದು ಅಲರ್ಜಿ. ಏಡಿಯ ಸ್ನಾಯುವಿನ ಟ್ರೋಪೋಮಯೋಸಿನ್ ಪ್ರೋಟೀನು ಮುಖ್ಯ ಕಾರಣ. ಬೇಯಿಸಿದರೂ ಅದು ಹೋಗುವುದಿಲ್ಲ. ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ.

ಹುಳ ಬಿಟ್ಟರೆ ಏಡಿಯಲ್ಲಿ ಬೇರೇನಕ್ಕೆ ಹೆದರಬೇಕು?

ಸಮುದ್ರದ ಏಡಿ ತಿನ್ನುವವರಾದರೆ ಹುಳಕ್ಕಿಂತ ಬ್ಯಾಕ್ಟೀರಿಯಾ ಜಾಸ್ತಿ ಕಾಡುತ್ತದೆ, ಅದರಲ್ಲೂ ಕಾಲರಾ ತರುವ ಬ್ಯಾಕ್ಟೀರಿಯಾವೂ ಸೇರಿದ ವಿಬ್ರಿಯೊ ಬಳಗ. ಅಮೆರಿಕದ ಲೂಯಿಸಿಯಾನದಲ್ಲಿ 1978ರಲ್ಲಿ 11 ಜನರಿಗೆ ಕಾಲರಾ ಸೋಂಕು ಬಂದಿತ್ತು, ಮೂಲ ಸರಿಯಾಗಿ ಬೇಯದ ಏಡಿ. ಆಮೇಲೆ ಪರೀಕ್ಷಿಸಿದಾಗ 8 ನಿಮಿಷ ಕುದಿಸಿದ, 25 ನಿಮಿಷ ಹಬೆಯಲ್ಲಿಟ್ಟ ಏಡಿಯಲ್ಲೂ ಕಾಲರಾ ಬ್ಯಾಕ್ಟೀರಿಯಾ ಬದುಕಿದ್ದು ಕಂಡಿತು. ಕೆಂಪು ಚಿಪ್ಪಿನ ಮಾತು ನೆನಪಿದೆ ಅಲ್ವಾ? ಇನ್ನೊಂದು ಸಾಮಾನ್ಯ ತಪ್ಪು ಅಂದರೆ ಬೆಂದ ಏಡಿಯನ್ನು ಹಸಿ ಏಡಿ ಇದ್ದ ಅದೇ ಬುಟ್ಟಿಗೆ ಮತ್ತೆ ಸುರಿಯುವುದು.

ಬೇಯಿಸಿದರೂ ಹೋಗದ್ದು ವಿಷ. ಪಾಚಿಯಿಂದ ಬರುವ ಡೊಮೊಯಿಕ್ ಆಮ್ಲ ಏಡಿಯ ಜೀರ್ಣಗ್ರಂಥಿಯಲ್ಲಿ ಸೇರುತ್ತದೆ. 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಂಜನೆಸ್ ಏಡಿ ಹಿಡಿಯುವುದನ್ನೇ ಇದಕ್ಕಾಗಿ ಮುಂದೂಡಿದರು. ಹವಳದ ದಿಬ್ಬಗಳಲ್ಲಿ ಸಿಗುವ ಜೋಸಿಮಸ್ ಈನಿಯಸ್ ಅನ್ನುವ ಚಿತ್ತಾರದ ಏಡಿಯ ಮಾಂಸದಲ್ಲೇ ಪ್ರಾಣ ತೆಗೆಯುವ ವಿಷ ಇರುತ್ತದೆ. ಗುರುತಿಲ್ಲದ ಏಡಿಯನ್ನು ಚೆಂದ ಇದೆ ಅಂತ ಹಿಡಿದು ಬೇಯಿಸಬೇಡಿ.

ಉಳಿದ ಹಸಿ ಚೂರುಗಳನ್ನು ನಾಯಿ, ಬೆಕ್ಕಿಗೆ ಹಾಕಬಹುದಾ?

ಹೊಳೆ ಏಡಿಯದ್ದಾದರೆ ಹಾಕಬೇಡಿ. ಶ್ವಾಸಕೋಶದ ಹುಳಕ್ಕೆ ನಾಯಿ, ಬೆಕ್ಕು ಕೂಡ ಮನೆಯೇ. ಅವುಗಳ ಮಲದಿಂದ ಮೊಟ್ಟೆ ಮತ್ತೆ ನೀರಿಗೆ ಸೇರುತ್ತದೆ. ಬೇಯಿಸಿದ ಮಾಂಸವಾದರೆ ಚಿಪ್ಪಿನ ಚೂಪು ಚೂರುಗಳನ್ನು ತೆಗೆದು ಹಾಕಿ.